ಬರೆದದ್ದನ್ನು ಓದಿ ಹೇಳುತ್ತಿದ್ದ ಶಾರದಮ್ಮ

ಶಾರದಮ್ಮ ಬರೆದುಕೊಂಡದ್ದನ್ನೆಲ್ಲ, ಹೇಳಿದವರಿಗೇ ಓದಿ ಹೇಳುತ್ತಿದ್ದರು. "ಹಿಂಗೇ ಅಂದಿದ್ದಾ? ತಪ್ಪಿದ್ರೆ ಹೊಡ್ದು ಹಾಕ್ತೀನಿ" ಎಂದು ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. "ಊಟ ಸೇರ್ತದೆ" ಎಂದಿದ್ದ ಅಮ್ಮ, ತನ್ನ ಮಾತನ್ನು ಅವರ ಬಾಯಲ್ಲಿ ಕೇಳಿ, "ಅದು ಸುಳ್ಳು, ಹೊಡೀರಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅರವತ್ತರ ದಶಕದ ಮಾತು. ಮೇಗರವಳ್ಳಿಯಲ್ಲಿದ್ದ ನಮ್ಮ ಮನೆಯ ಸುಮಿತ್ರೆಗೆ, ನನ್ನ ತಂಗಿಗೆ, ನಾಲ್ಕನೇ ವರ್ಷದಲ್ಲಿ ಕಣ್ಣಿನ ಕ್ಯಾನ್ಸರ್ ಆಗಿ ದೊಡ್ಡಾಸ್ಪತ್ರೆಯಲ್ಲಿ ಒಂದು ಕಣ್ಣು ತೆಗೆದಿದ್ದರು. ಅಂಥ ಮಕ್ಕಳ ಮನೆಯವರು ಹೇಗೆ ದಿನ ದೂಡುತ್ತಾರೆಂದು ಕೇಳಿ ಬರೆಯಲು ಆಸ್ಪತ್ರೆಯವರು ಕಳಿಸಿದ್ದು ಶಾರದಮ್ಮನನ್ನು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕನ್ನು ಅವರು ಬಸ್ಸಿನಲ್ಲೇ ಸುತ್ತುತ್ತಿದ್ದರು. ಬಸ್ಸು ಹೋಗದ ಕಡೆ ಕಾಲೇ ಗತಿ.

"ಕೇಳಿ ಬರ್ಕಂಡ್ರೆ ಕಾಯ್ಲೆ ವಾಸಿಯಾಗ್ತದಾ?" ಅಪ್ಪ ಮೊದಲ ದಿನವೇ ಸಿಡುಕಿದ್ದ.

"ಕಾಯ್ಲೆ ಡಾಕ್ಟ್ರು ನೋಡ್ಕಳ್ತಾರೆ. ನೀವು ಹೆಂಗಿದೀರಿ ಅಂತ ಯಾರಾದ್ರೂ ಕೇಳಿದಾರಾ?"

ಅಪ್ಪ ಅವರಿಗೆ ಕೂರಲು ಮಣೆ ಹಾಕಿದ.

ನನಗಾಗ ಒಂಬತ್ತು. ತಿಂಗಳಿಗೊಮ್ಮೆ ಬರುತ್ತಿದ್ದ ಶಾರದಮ್ಮ "ನಿಂದೂ ಬರೀಬೇಕಲ್ಲ ಪುಟ್ಟಿ" ಎಂದರೆ "ಏನಿಲ್ಲ" ಎನ್ನುತ್ತಿದ್ದೆ. ಅವರು "ಏನಿಲ್ಲ" ಎಂದೇ ಬರೆದು, ಅದನ್ನೇ ಓದಿ ಹೇಳುತ್ತಿದ್ದರು. ಹೀಗೆ ಮೂರು ಸಲ ಆಯಿತು. ನಾಲ್ಕನೇ ಸಲ ನನ್ನಿಂದ ತಡೆಯಲಾಗಲಿಲ್ಲ. "ಹೊಡೀರಿ ಅದನ್ನ" ಎಂದು ಎಲ್ಲ ಹೇಳಿಬಿಟ್ಟೆ. ಗೇರುಬೀಜದ ಆಟದಲ್ಲಿ ನಾನು ಎಸೆದ ಬೀಜ ಸುಮಿತ್ರೆಯ ಕಣ್ಣಿಗೆ ತಾಗಿತ್ತು. ಅವಳ ಕಣ್ಣು ತೆಗೆಸಿದವಳು ನಾನೇ ಎಂದುಕೊಂಡು ವರ್ಷವಿಡೀ ಒಳಗೊಳಗೇ ಬೇಯುತ್ತಿದ್ದೆ.

ಶಾರದಮ್ಮ ಛೆ ಛೆ ಎನ್ನಲಿಲ್ಲ. "ಅಲ್ಲ ಅಂತ ನಂಗೆ ಗೊತ್ತು. ಆದ್ರೆ ನನ್ನ ಮಾತು ನಿಂಗೆ ಸಾಲ್ದು. ಡಾಕ್ಟ್ರ ಹತ್ರ ಬರೆಸ್ಕಂಡು ಬರ್ತೀನಿ."

ಮುಂದಿನ ತಿಂಗಳು ಚೀಟಿ ತಂದರು. ನನ್ನ ಕೈಯಲ್ಲೇ ಗಟ್ಟಿಯಾಗಿ ಓದಿಸಿದರು: "ಪೆಟ್ಟಿನಿಂದ ಈ ಗಡ್ಡೆ ಬರುವುದಿಲ್ಲ. ಮಗುವಿನ ಅಕ್ಕನದು ಏನೂ ತಪ್ಪಿಲ್ಲ."

ಬಾಗಿಲ ಬಳಿ ನಿಂತಿದ್ದ ಅಮ್ಮ ಮೆಲ್ಲಗೆ ಕೇಳಿದಳು: "ಬಸುರೀಲಿ ನಾನು ಗ್ರಹಣ ನೋಡಿದ್ದೆ. ಅದಕ್ಕೂ ಬರಲ್ವಾ?"

"ಅದಕ್ಕೂ ಬರಲ್ಲ. ಬೇಕಾದ್ರೆ ಇನ್ನೊಂದು ಚೀಟಿ ತರ್ತೀನಿ" ಎಂದು ಶಾರದಮ್ಮ ಮತ್ತೆ ಪುಸ್ತಕ ಬಿಚ್ಚಿದರು. ಒಂದೇ ಸೂರಿನಡಿ ಒಬ್ಬರಿಗೊಬ್ಬರು ಹೇಳದೆ ಎಷ್ಟು ಭಾರ ಹೊತ್ತಿದ್ದೆವೋ. ಆ ದಿನ ಅಮ್ಮ ನಮ್ಮ ಜೊತೆ ಕೂತು ಹೊಟ್ಟೆ ತುಂಬ ಉಂಡಳು.

ಸುಮಿತ್ರೆ ಶಾಲೆಗೆ ಸೇರಿದ ವರ್ಷದ ಆಟೋಟದಲ್ಲಿ ಸೂಜಿಗೆ ದಾರ ಪೋಣಿಸಿ ಓಡುವ ಪಂದ್ಯವಿತ್ತು. ಒಂದೇ ಕಣ್ಣಿಗೆ ದಾರದ ತುದಿ ಎಷ್ಟು ದೂರದಲ್ಲಿದೆಯೆಂದು ತಿಳಿಯುವುದಿಲ್ಲ. ಸೂಜಿಯ ಕಣ್ಣನ್ನು ಉಗುರಿನಿಂದ ಮುಟ್ಟಿಕೊಂಡು, ಆ ಉಗುರಿನ ಮೇಲೇ ದಾರ ಜಾರಿಸುವುದನ್ನು ನಾನು ತಿಂಗಳುಗಟ್ಟಲೆ ಅವಳಿಗೆ ಕಲಿಸಿದ್ದೆ. ಎರಡು ಕಣ್ಣಿದ್ದವರು ದಾರದ ತುದಿಗೆ ಎಂಜಲು ಹಚ್ಚುತ್ತಾ ಕೂತಿರುವಾಗಲೇ ಸುಮಿತ್ರೆ ಓಡಿ ಗೆರೆ ದಾಟಿದ್ದಳು. ಬೆಂಚಿನ ಮೇಲೆ ಹತ್ತಿ ನಿಂತು ಕೊಡೆ ಬೀಸುತ್ತಿದ್ದವರು ಶಾರದಮ್ಮ.

ಅವರ ಕೆಲಸ ಆ ತಿಂಗಳಿಗೆ ಮುಗಿಯಿತು. ಅವರನ್ನು ಮತ್ತೆ ನೋಡಲಿಲ್ಲ. ಆಟೋಟದ ದಿನ ಬಸ್ಸು ಹತ್ತುವ ಮುಂಚೆ, "ಇವತ್ತಿಂದೂ ಬರೀಬೇಕಲ್ಲ ಪುಟ್ಟಿ" ಎಂದರು.

"ಅವಳಿಗೆ ಕಲಿಸಿದ್ದು ನಾನು ಅಂತ ಬರೀರಿ" ಎಂದೆ.

ಬರೆದರು. ಓದಿ ಹೇಳಿದರು. ಪೆನ್ಸಿಲ್ ಹಿಡಿದು ಕಾದರು.

"ಹಂಗೇ ಇರ್ಲಿ" ಎಂದೆ.