ಫಾರಿನ್ ಬಾಯಾರ ಉಡಿ

ಲಂಡನ್ನಿನ ಹೈಕಮಿಷನ್ನಿನಲ್ಲಿ ತುಂಬಿದ ವೀಸಾ ಅರ್ಜಿಯಲ್ಲಿ ಭಾರತಕ್ಕೆ ಹೋಗುವ ಉದ್ದೇಶವೇನು ಎಂದು ಕೇಳಿದ್ದರು. ಸಂಬಂಧಿಕರ ಭೇಟಿ ಎಂದು ಬರೆದೆ. ಸೇಡು ಎಂದು ಬರೆದಿದ್ದರೆ ವೀಸಾ ಸಿಗುತ್ತಿತ್ತೋ ಇಲ್ಲವೋ, ಬರೆದದ್ದಂತೂ ನಿಜವಾಗಿರುತ್ತಿತ್ತು. ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಆಗಷ್ಟೇ ನಾನು ಇಂಗ್ಲೆಂಡಿನ ಪ್ರಜೆಯಾಗಿದ್ದೆ. ಎರಡು ಪೌರತ್ವ ಇಟ್ಟುಕೊಳ್ಳಲು ನಮ್ಮ ದೇಶ ಒಪ್ಪುವುದಿಲ್ಲ. ಹಾಗಾಗಿ ಹುಟ್ಟಿದ ನೆಲಕ್ಕೆ ಕಾಲಿಡಲು ವಿದೇಶಿಯರ ಸಾಲಿನಲ್ಲಿ ನಿಂತಿದ್ದೆ.

ಸೇಡು ಖಾನಾಪುರದಲ್ಲಿದ್ದ ನನ್ನ ಅಣ್ಣನ ಹೆಂಡತಿಯ ಮೇಲೆ. ನಮ್ಮ ಕಡೆ ವೈನಿ ಎನ್ನುತ್ತೇವೆ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಾನು. ಬೆಳಗಾವಿಯಲ್ಲಿ ನರ್ಸಿಂಗ್ ಕಲಿತೆ, ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ವೈನಿ ಮೊರದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು, ಮೇಲೊಂದು ಕುಪ್ಪಸದ ಖಣ ಇಟ್ಟುಕೊಂಡು ಪಡಸಾಲೆಗೆ ಬಂದಳು. ತವರಿನಿಂದ ಹೊರಟ ಹೆಣ್ಣುಮಗಳ ಸೆರಗಿಗೆ ಉಡಿ ತುಂಬದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಾನು ಸೆರಗು ಒಡ್ಡಿ ಕುಳಿತೆ. ಅವಳು ನನ್ನನ್ನು ದಾಟಿ ಹೋಗಿ, ನನ್ನನ್ನು ಕಳಿಸಲು ಬಂದಿದ್ದ ಚಿಕ್ಕಪ್ಪನ ಮಗಳಿಗೆ ತುಂಬಿದಳು.

"ನಿನಗ್ಯಾಕ ಉಡಿ? ಗಂಡ ಇಲ್ಲದಾಕಿಗೆ ತುಂಬಿದ್ರ ಮನಿಗೆ ಒಳ್ಳೇದಲ್ಲ. ಏಳು, ಹೊತ್ತಾತು," ಎಂದಳು.

ಅಣ್ಣ ನನ್ನ ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತಿದ್ದ. ಬಿಗಿಯುತ್ತಲೇ ಇದ್ದ. ಒಂದು ಸೂಟ್‌ಕೇಸಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಮುತ್ತೈದೆಯೂ ಒಂದೇ, ವಿಧವೆಯೂ ಒಂದೇ ಎಂದು ಹೇಳುತ್ತ ಅಪ್ಪ ಬದುಕಿರುವವರೆಗೆ ದಿನಾ ವಚನ ಓದಿದ ಪಡಸಾಲೆ ಅದು.

ಇಂಗ್ಲೆಂಡಿನಲ್ಲಿ ಪಾಳಿ ಮುಗಿಸಿ ಬಸ್ಸಿನಲ್ಲಿ ಬರುವಾಗ ನಾನು ದೇವರನ್ನು ನೆನೆಯುತ್ತಿರಲಿಲ್ಲ, ವೈನಿಯನ್ನು ನೆನೆಯುತ್ತಿದ್ದೆ. ನನ್ನ ಲೆಕ್ಕ ಸರಳವಾಗಿತ್ತು. ಪರದೇಶದಿಂದ ಬಂದವಳೆಂದರೆ ಇವರು ಹಲ್ಲು ಕಿಸಿಯುತ್ತಾರೆ. ನಾನು ಹೊರಡುವಾಗ ಓಣಿಯೆಲ್ಲ ನೋಡುತ್ತಿರಬೇಕು, ವೈನಿ ತನ್ನ ಕೈಯಾರೆ ಉಡಿ ತುಂಬಬೇಕು, ಆಗ ನಾನು ಎದ್ದು ನಿಂತು ಅಷ್ಟನ್ನೂ ಅವಳ ಪಾದದ ಮೇಲೆ ಸುರಿದು ಬರಬೇಕು. ಪೌರತ್ವ ಸಿಗುವವರೆಗೆ ಕಾದದ್ದೂ ಅದಕ್ಕೇ. ತವರಿನ ಬಾಗಿಲು ನಾನೇ ಮುಚ್ಚಿ ಬಂದರೂ ನಿಲ್ಲಲು ನನ್ನದೇ ಒಂದು ಜಾಗ ಇರಲಿ ಎಂದು.

ಬೆಳಗಾವಿಯಲ್ಲಿ ಕ್ಯಾಂಪ್ ಬಡಾವಣೆಯ ಒಂದು ಲಾಡ್ಜಿನಲ್ಲಿ ಇಳಿದೆ. ಮ್ಯಾನೇಜರ್ ನನ್ನ ಪಾಸ್‌ಪೋರ್ಟ್ ನೋಡಿದವನೇ ವಿದೇಶಿಯರ ಫಾರ್ಮ್ ತೆಗೆದು ಇಂಗ್ಲಿಷಿನಲ್ಲಿ ಶುರುಮಾಡಿದ.

"ನಾ ಖಾನಾಪುರದಾಕಿ ಅದೀನ್ರಿ," ಎಂದೆ.

"ಇರಬಹುದ್ರಿ ಬಾಯಾರ. ಪಾಸ್‌ಪೋರ್ಟ್ ಬ್ಯಾರೆ ಹೇಳಾಕತ್ತೈತಿ," ಎಂದು ನಕ್ಕ.

ಅವನಿಗೆ ಬೈಯಬೇಕೆನಿಸಿತು. ಆದರೆ ಬೈಗುಳವನ್ನೆಲ್ಲ ಖಾನಾಪುರಕ್ಕೆಂದು ಎತ್ತಿಟ್ಟುಕೊಂಡಿದ್ದೆ, ದಾರಿಯಲ್ಲೇ ಖರ್ಚು ಮಾಡುವ ಮನಸ್ಸಾಗಲಿಲ್ಲ. ಮರುದಿನ ಪ್ಯಾಸೆಂಜರ್ ರೈಲು ಹತ್ತಿದೆ. ದೇಸೂರಿನಲ್ಲಿ ಗಾಡಿ ಕ್ರಾಸಿಂಗಿಗೆ ನಿಂತಿತು. ನಿಂತಷ್ಟು ಹೊತ್ತೂ ವೈನಿಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ತಿರುಗಿಸುತ್ತಿದ್ದೆ. ಎದುರಿನ ಮುದುಕಿ, ನಾನು ಜಪ ಮಾಡುತ್ತಿದ್ದೇನೆಂದುಕೊಂಡು ಕೈಮುಗಿದಳು.

ಮನೆಯ ಬಾಗಿಲಲ್ಲೇ ಬಾಜು ಮನೆಯವಳು ಲಂಡನ್ನಿನವಳು ಬಂದಳೆಂದು ಮರಾಠಿಯಲ್ಲಿ ಕೂಗಿದಳು, "ಲಂಡನ್‌ವಾಲೀ ಆಲೀ!" ವೈನಿ ಓಡಿ ಬಂದು, "ಬರ್ರಿ, ಕುಂದರ್ರಿ," ಎಂದು ಕುರ್ಚಿ ಹಾಕಿದಳು. ಮೊದಲು ನನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದವಳು. ಇದ್ದ ಎರಡು ದಿನವೂ ನನಗೆ ಬಾಟಲಿ ನೀರು, ಚಮಚ, ಕಪ್ಪಿನ ಕೆಳಗೆ ಬಸಿ. ಎಲ್ಲರ ಜೊತೆ ನೆಲದ ಮೇಲೆ ಕುಳಿತು ರೊಟ್ಟಿ ತಿನ್ನುತ್ತೇನೆಂದರೆ, "ಛೇ ಛೇ, ನಿಮಗ ರೂಢಿ ಇರೂದಿಲ್ಲ" ಎಂದು ಕೈ ಹಿಡಿದು ಎಬ್ಬಿಸಿದಳು. ಅಣ್ಣನ ಕೂದಲು ಬೆಳ್ಳಗಾಗಿತ್ತು. ಅಲ್ಲಿ ಚಳಿ ಎಷ್ಟು ಎಂದು ಕೇಳಿದ. ಬೇರೇನೂ ಕೇಳಲಿಲ್ಲ.

ಹೊರಡುವ ದಿನ ನಾನು ಬೇಕೆಂದೇ ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಕುಳಿತೆ. ಓಣಿಯ ಹೆಂಗಸರು ನೆರೆದಿದ್ದರು. ವೈನಿ ಮೊರ ತಂದಳು. ನಾನು ಸೆರಗು ಒಡ್ಡಿದೆ. ಮೂಲೆಯಲ್ಲಿ ಗೋಡೆಗೆ ಆತು ಕುಳಿತಿದ್ದ ಸೋದರತ್ತೆ ತಲೆ ಎತ್ತಿದಳು.

"ಏನ ಮಾಡಾಕತ್ತಿ? ಗಂಡ ಸತ್ತಾಕಿಗೆ ಉಡಿ ತುಂಬತಾರೇನ?"

"ಆಕಿ ಈಗ ನಮ್ಮ ದೇಶದಾಕಿ ಅಲ್ರೀ ಅತ್ತಿ," ಎಂದಳು ವೈನಿ. "ಪರದೇಶದವ್ರಿಗೆ ಇದೆಲ್ಲಾ ಲಾಗೂ ಆಗೂದಿಲ್ಲ. ಮಠಕ್ಕ ಬಂದಿದ್ದ ಫಾರಿನ್ ಬಾಯಾರಿಗೆ ಎಲ್ಲಾರೂ ತುಂಬಲಿಲ್ಲೇನು? ಆಕಿ ಗಂಡ ಅದಾನೋ ಇಲ್ಲೋ, ಯಾರರ ಕೇಳಿದ್ರ?"

ಅತ್ತೆ ಯೋಚಿಸಿದಳು. "ಹಂಗಾದ್ರ ಅಡ್ಡಿಯಿಲ್ಲ, ತುಂಬು," ಎಂದಳು. ಹೆಂಗಸರೆಲ್ಲ ತಲೆಯಾಡಿಸಿದರು.

ಅಕ್ಕಿ ಸೆರಗಿಗೆ ಬಿತ್ತು. ನನ್ನ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ನಾನು ಸೆರಗಿನಲ್ಲಿ ಕಟ್ಟಿಕೊಂಡ ಕೆಂಡವನ್ನು ಇವಳು ಒಂದು ಮಾತಿನಲ್ಲಿ ಆರಿಸಿ, ಅದರ ಮೇಲೆ ಮಠದ ಅತಿಥಿಯ ಅಕ್ಕಿ ಹಾಕುತ್ತಿದ್ದಾಳೆ!

"ವೈನಿ," ಎಂದೆ. "ಈ ಮನಿ ಮಗಳು, ಗಂಡ ಸತ್ತಾಕಿ, ಆದ್ರೂ ತುಂಬತೀನಿ ಅಂತ ಅನ್ರಿ. ಅಂದು ತುಂಬ್ರಿ. ಫಾರಿನ್ ಬಾಯಾರ ಉಡಿ ನನಗ ಬ್ಯಾಡ."

"ಯಾಕ್ರೀ ಈಗ ಆ ಮಾತು? ಒಳ್ಳೇ ಹೊತ್ತಿನ್ಯಾಗ," ಎಂದು ಅವಳು ಅಣ್ಣನ ಕಡೆ ನೋಡಿದಳು. ನಾನೂ ನೋಡಿದೆ. ಅವನು ಕೈಗಡಿಯಾರ ನೋಡುತ್ತಿದ್ದ.

ಎದ್ದು ನಿಂತು ಸೆರಗು ಬಿಟ್ಟೆ. ಅಕ್ಕಿ, ಕೊಬ್ಬರಿ, ಖಣ ಎಲ್ಲ ವೈನಿಯ ಪಾದದ ಮೇಲೆ ಬಿದ್ದವು. ಯಾರೋ "ಅಯ್ಯ ಶಿವನ" ಎಂದರು. ಹಿತವಾಯಿತೇ ಎಂದು ಕೇಳಿದರೆ, ಆಯಿತು. ಚೆನ್ನಾಗಿಯೇ ಆಯಿತು.

ವೈನಿ ಬಾಗಿಲ ಹಿಂದಿನ ಕಸಬರಿಗೆ ಎತ್ತಿಕೊಂಡಳು. ಮನೆಯವರು ಹೊರಟು ಕಣ್ಮರೆಯಾಗುವ ಮುಂಚೆ ನಮ್ಮಲ್ಲಿ ಕಸ ಗುಡಿಸುವುದಿಲ್ಲ. ಹಾಗೆ ಬೆನ್ನ ಹಿಂದೆಯೇ ಗುಡಿಸುವುದು ಹೆಣ ಎತ್ತಿದ ಮೇಲೆ ಮಾತ್ರ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೇಡಿನಲ್ಲಿ ಅವಳೇನೂ ನನಗಿಂತ ಕಡಿಮೆಯಿರಲಿಲ್ಲ. ನಾನು ಚೀಲ ಹೆಗಲಿಗೇರಿಸಿದೆ. ಹಿಂದೆ ಕಸಬರಿಗೆ ನೆಲಕ್ಕೆ ತಾಗಿತು. ಆಗ ಅಣ್ಣನ ದನಿ ಕೇಳಿತು.

"ಕಸಬರಗಿ ಕೆಳಗಿಡು. ಆಕಿ ನನ್ನ ತಂಗಿ ಅದಾಳ. ಇನ್ನೂ ಹೊಸ್ತಲಾ ದಾಟಿಲ್ಲ."

ನಾನು ಬಂದದ್ದು ಈ ಮಾತಿಗಾಗಿ ಎಂದು ಆಗ ತಿಳಿಯಿತು. ತಿರುಗಿ ನೋಡಿದ್ದರೆ ಅತ್ತುಬಿಡುತ್ತಿದ್ದೆ, ಮತ್ತೆ ಕುಳಿತು ಸೆರಗು ಒಡ್ಡುತ್ತಿದ್ದೆ. ಆದರೆ ಅವನೂ ಕಾಯಲಿ ಎನಿಸಿತು. "ತಂಗೀ" ಎಂದು ಇನ್ನೊಮ್ಮೆ ಕರೆದ. ಕೇಳಿಸದವಳಂತೆ ಹೊಸ್ತಿಲು ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.