ಬೆರ್ಚಪ್ಪ ತೊಟ್ಟ ಕೋಟು

ಲೀಡ್ಸಿಗೆ ಬಂದ ಮೂರನೆಯ ದಿನ ಬಸ್ಸಿಗೆ ಕಾಯುತ್ತಾ ನಿಂತವನು ಚಳಿ ತಡೆಯಲಾರದೆ ಕೋಟಿನ ಜೇಬಿಗೆ ಕೈ ಹಾಕಿದೆ. ಒಳಗೆ ನೀಟಾಗಿ ಮಡಿಸಿದ ಒಂದು ಕರವಸ್ತ್ರ, ಕಾಗದ ಬಿಚ್ಚಿ ಮತ್ತೆ ಸುತ್ತಿಟ್ಟ ಒಂದು ಪೆಪ್ಪರಮೆಂಟು ಸಿಕ್ಕವು. ಎರಡೂ ನನ್ನವಲ್ಲ. ಕೋಟೂ ನನ್ನದಲ್ಲ. ಹಿಂದಿನ ಸಂಜೆ ನನ್ನ ಹೆಂಡತಿ ಸವಿತಾ ಅದನ್ನು ಚಾರಿಟಿ ಶಾಪಿನಿಂದ ತಂದಿದ್ದಳು. ಚಾರಿಟಿ ಶಾಪ್ ಎಂದರೆ ಜನ ತಮಗೆ ಬೇಡವಾದದ್ದನ್ನು ಕೊಟ್ಟುಹೋಗುವ ಅಂಗಡಿ. ಬಂದ ಹಣ ದಾನಧರ್ಮಕ್ಕೆ ಹೋಗುತ್ತದೆ. ಅಲ್ಲಿಗೆ ಬರುವ ಬಟ್ಟೆಗಳಲ್ಲಿ ಬಹಳಷ್ಟು ಸತ್ತವರ ಬೀರುವಿನಿಂದ ಬಂದವು ಎನ್ನುವುದು ನನಗಾಗ ಗೊತ್ತಿರಲಿಲ್ಲ.

"ಯಾರ್ದೇ ಇದು?" ಎಂದು ಮನೆಗೆ ಬಂದು ಕೇಳಿದೆ.

"ಯಾವ್ದೋ ತಾತಂದು ಇರ್ಬೇಕು. ಬದುಕವ್ನಾ ಅಂತ ಮಾತ್ರ ಕೇಳ್ಬೇಡಿ. ಹಾಕ್ಕಳಿ, ಇಲ್ದಿದ್ರೆ ನೀವೂ ಅವನ ಹಿಂದೇನೇ ಹೋಯ್ತೀರಿ" ಎಂದಳು.

ಸವಿತಾ ಕೆ.ಆರ್. ನಗರದವಳು, ನರ್ಸು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ನನಗಿಂತ ಒಂದು ವರ್ಷ ಮೊದಲೇ ಬಂದಿದ್ದಳು. ನಾನು ಗಾವಡಗೆರೆ ಪಕ್ಕದ ಹಳ್ಳಿಯವನು. ಸೋದರಮಾವನ ಕೈಕೆಳಗೆ ಕತ್ತರಿ ಹಿಡಿಯಲು ಕಲಿತು, ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಪೇಟೆಯಲ್ಲಿ ಹದಿನೈದು ವರ್ಷ ಲೇಡೀಸ್ ಟೈಲರ್ ಆಗಿದ್ದವನು. ಹೆಂಡತಿಯ ಹಿಂದೆ ಹೊರಟವನನ್ನು ಊರಿನವರು ಸುಮ್ಮನೆ ಬಿಡಲಿಲ್ಲ. "ಎಲ್ರೂ ಎಡ್ತೀನ ಕರ್ಕಂಡೋಯ್ತಾರೆ, ನಿನ್ನ ಎಡ್ತಿ ಕರ್ಕಂಡೋಯ್ತಾವ್ಳೆ ಕಣ್ಲಾ" ಎಂದು ಪಕ್ಕದ ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳಿದ. ಆ ಮಾತು ಈಗಲೂ ಚುಚ್ಚುತ್ತದೆ. ಅದು ನಿಜವಾಗಿದ್ದರಿಂದ ಹೆಚ್ಚು ಚುಚ್ಚುತ್ತದೆ.

ನಮ್ಮ ಮನೆ ಎಂದರೆ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲಿನಲ್ಲಿ ಒಂದು. ಗೋಡೆಯ ಮೂಲೆಯಲ್ಲಿ ವರ್ಷವಿಡೀ ತೇವ. ಅಂಗಡಿಯವರು, ಬಸ್ಸಿನ ಡ್ರೈವರು, ಗುರುತಿಲ್ಲದ ಮುದುಕಿಯರು ಎಲ್ಲರೂ ನನ್ನನ್ನು 'ಲವ್' ಎಂದು ಕರೆಯುತ್ತಾರೆ. ನಮ್ಮ ಕಡೆ 'ಕಣಪ್ಪ' ಎನ್ನುವಂತೆ ಅದು ಬರೀ ಬಾಯಿಮಾತು ಎಂದು ತಿಳಿಯುವವರೆಗೆ ನಾಚಿಕೊಂಡೇ ತಿರುಗಿದೆ. ರಾಗಿಹಿಟ್ಟು ಗುಜರಾತಿಯೊಬ್ಬರ ಅಂಗಡಿಯಲ್ಲಿ ಸಿಕ್ಕಿತು, ಮುದ್ದೆಯೂ ಆಯಿತು. ಆದರೆ ಸವಿತಾಳ ಪಾಳಿಯೇ ಬೇರೆ, ನನ್ನ ಹೊತ್ತೇ ಬೇರೆ. ಒಬ್ಬನೇ ಕೂತು ನುಂಗುವ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ.

ಕೆಲಸ ಕೊಟ್ಟವಳು ಹೆಲೆನ್. ಪೇಟೆಯ ಹಳೆಯ ಓಣಿಯೊಂದರಲ್ಲಿ ಅವಳ ವಿಂಟೇಜ್ ಅಂಗಡಿ ಇದೆ. ಚಾರಿಟಿ ಶಾಪಿನಲ್ಲಿ ಹಳೇ ಬಟ್ಟೆ ಎನಿಸಿಕೊಂಡದ್ದು ಇವಳ ಅಂಗಡಿಗೆ ಬಂದರೆ ವಿಂಟೇಜ್ ಎನಿಸಿಕೊಳ್ಳುತ್ತದೆ. ಬಟ್ಟೆ ಅದೇ, ಸತ್ತವರೂ ಅವರೇ. ನನ್ನ ಕೆಲಸ ರಿಪೇರಿ ಮತ್ತು ಅಳತೆ ತಿದ್ದುವುದು. ಮೊದಲ ವಾರವೇ ಎಡವಟ್ಟು ಮಾಡಿದೆ. ಕಡ್ಡಿಯಂಥ ಹುಡುಗಿಯೊಬ್ಬಳು ಗಂಡಸರ ದೊಗಳೆ ಕೋಟು ತಂದು ತೋಳಿನ ಹರಿದ ಅಸ್ತರು ಹೊಲಿಯಲು ಕೊಟ್ಟಿದ್ದಳು. ಇಷ್ಟು ದೊಗಳೆ ಹಾಕಿಕೊಂಡು ಹೋದರೆ ಯಾವ ಟೈಲರ್ ಹೊಲಿದದ್ದು ಎಂದು ಜನ ಉಗಿಯುತ್ತಾರೆ ಎಂದುಕೊಂಡು, ಅವಳ ಮೈಗೆ ಸರಿಯಾಗಿ ಬಿಗಿ ಮಾಡಿಕೊಟ್ಟೆ. ಅವಳು ಕನ್ನಡಿ ನೋಡಿ ಅತ್ತಳು. ಆ ದೊಗಳೆಯೇ ಆ ವರ್ಷದ ಫ್ಯಾಶನ್ನಂತೆ.

ನನ್ನನ್ನು ಉಳಿಸಿದ್ದು ಹ್ಯಾಂಡ್‌ಪೋಸ್ಟಿನ ಚಾಳಿ. "ಒಳಗೆ ಬಟ್ಟೆ ಬುಡಣ್ಣ, ಮುಂದ್ಲೊರ್ಸಕ್ಕೂ ಆಗ್ಲಿ" ಎನ್ನದ ಗಿರಾಕಿಯನ್ನು ನಾನು ಅಲ್ಲಿ ಕಂಡೇ ಇರಲಿಲ್ಲ. ಹಾಗಾಗಿ ಒಂದಿಂಚನ್ನೂ ಕತ್ತರಿಸದೆ ಎಲ್ಲವನ್ನೂ ಒಳಗೆ ಮಡಿಸಿ ಹೊಲಿದಿದ್ದೆ. ಹತ್ತು ನಿಮಿಷದಲ್ಲಿ ಹೊಲಿಗೆ ಬಿಚ್ಚಿ ಮತ್ತೆ ದೊಗಳೆ ಮಾಡಿಕೊಟ್ಟೆ. ಇಲ್ಲಿನ ಟೈಲರುಗಳಾದರೆ ಮೊದಲೇ ಕತ್ತರಿ ಆಡಿಸಿರುತ್ತಿದ್ದರು ಎಂದು ಹೆಲೆನ್ ಹೊಗಳಿದಳು. ಈ ಊರಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ಆಮೇಲೆ ಆಟಮ್ ಬಂತು. ಆಟಮ್ ಎಂದರೆ ಎಲೆ ಉದುರುವ ಕಾಲ. ನಮ್ಮ ಕಡೆ ಆಯುಧಪೂಜೆಗೆ ಬೂದುಗುಂಬಳ ಒಡೆಯುವ ಹೊತ್ತಿಗೆ ಇಲ್ಲಿ ಮರಗಳೆಲ್ಲ ಕೆಂಪಾಗಿ, ಅಂಗಡಿಯ ಗಾಜಿನೊಳಗಿನ ಬೊಂಬೆಗಳೂ ಬಟ್ಟೆ ಬದಲಿಸುತ್ತವೆ. ಹೆಲೆನ್ ಪಾಠ ಮಾಡಿದಳು. ಈ ಸಲ ಕಂದು ಬಣ್ಣ, ಉದ್ದ ಕೋಟು, ಚೌಕುಳಿ. ಆದರೆ ಮೈತುಂಬಾ ಹಳೆಯದನ್ನೇ ಹಾಕಬಾರದು, ವೇಷದಂತೆ ಕಾಣುತ್ತದೆ. ಹಳೆಯದೊಂದು ಇದ್ದರೆ ಹೊಸದೊಂದು ಇರಬೇಕು. ಅಜ್ಜಿಯ ಉಣ್ಣೆ ಕೋಟಿನ ಕೆಳಗೆ ಈ ವರ್ಷದ ಜೀನ್ಸು, ಕುತ್ತಿಗೆಗೆ ಗಾಢ ಬಣ್ಣದ ಹೊಸ ಸ್ಕಾರ್ಫು. ಆ ಕಂದು ಬಣ್ಣಕ್ಕೆ ಅವಳು ಇಟ್ಟ ಹೆಸರು ಟೊಬ್ಯಾಕೋ. ನಾನು ನಕ್ಕೆ. ಯಾಕೆ ಎಂದು ಅವಳು ಕೇಳಿದಳು, ಹೇಳಲಿಲ್ಲ. ನಮ್ಮ ಮನೆಯಲ್ಲಿ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ, ಬಣ್ಣ ನೋಡಿ ವಿಂಗಡಿಸುತ್ತಾರೆ. ನಿಂಬೆ ಬಣ್ಣದ ಸೊಪ್ಪಿಗೆ ಹರಾಜಿನಲ್ಲಿ ಮರ್ಯಾದೆ. ಕಂದಾದರೆ ಕೊಳ್ಳುವವರು ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಾರೆ, ನಮ್ಮಣ್ಣ ಪಿರಿಯಾಪಟ್ಟಣದ ಹರಾಜಿನಿಂದ ಮನೆಗೆ ಬಂದು ಎರಡು ದಿನ ಮಾತಾಡುವುದಿಲ್ಲ.

ಸೊಪ್ಪು ವಿಂಗಡಿಸುವುದು ಅವ್ವನ ಕೆಲಸ. ಬೆಳಗಿನ ಮಂಜಿಗೆ ಎಲೆ ಮೆತ್ತಗಾಗಿರುವಾಗಲೇ ಕೂತು ಮಾಡಬೇಕು, ಬಿಸಿಲೇರಿದರೆ ಪುಡಿಯಾಗುತ್ತದೆ. ಅಣ್ಣ, ಅತ್ತಿಗೆ, ಅವರ ಮಗಳು ಚೈತ್ರ ಎಲ್ಲ ಇದ್ದರೂ ಜಗಲಿಯಲ್ಲಿ ಮೊದಲು ಬಂದು ಕೂರುವವಳು ಅವಳೇ. ಮೈಮೇಲೆ ಒಂದು ಸವೆದ ಶಾಲು. ಈ ಕೋಟುಗಳ ನಡುವೆ ನಿಂತಾಗಲೆಲ್ಲ ಆ ಶಾಲು ನೆನಪಾಗುತ್ತಿತ್ತು.

ಎರಡನೆಯ ಆಟಮ್‌ನಲ್ಲಿ ಹೆಂಗಸರ ಉಣ್ಣೆ ಕೋಟೊಂದು ಅಂಗಡಿಗೆ ಬಂತು. ಕಂದು ಬಣ್ಣ, ಸಣ್ಣ ಚೌಕುಳಿ, ಕೈಯಲ್ಲಿ ಕಟ್ಟಿದ ಗುಂಡಿಯ ಕಾಜಾ. ಬೆನ್ನಿಗೆ ನುಸಿ ಹಿಡಿದು ತೂತಾಗಿತ್ತು. ಮಾರಲಾಗದು, ಬೇಕಾದರೆ ನೀನು ಇಟ್ಟುಕೋ ಎಂದಳು ಹೆಲೆನ್. ಮೂರು ವಾರ ಅದಕ್ಕಾಗಿ ಕೂತೆ. ಒಳಮಡಿಕೆಯಿಂದ ಎಳೆ ತೆಗೆದು ತೂತು ನೇಯ್ದು ಮುಚ್ಚಿದೆ, ಅವ್ವನ ಅಳತೆಗೆ ತೋಳು ಮೋಟು ಮಾಡಿದೆ, ಹಳೆಯ ಅಸ್ತರು ಕಿತ್ತು ಹೊಸ ಅಸ್ತರು ಹಾಕಿದೆ. ಸವಿತಾಳ ಜೊತೆ ಕೆಲಸ ಮಾಡುವವರೊಬ್ಬರು ರಜೆಗೆ ಮೈಸೂರಿಗೆ ಹೊರಟಿದ್ದರು, ಅವರ ಕೈಲಿ ಕಳಿಸಿದೆ. ಫೋನಿನಲ್ಲಿ ಅವ್ವನಿಗೆ ಹೇಳಿದೆ: "ಹೊಸ್ದು ಕಣವ್ವ. ನಾನೇ ಹೊಲ್ದಿದ್ದು."

ಸುಳ್ಳು ಹೇಳಲು ಕಾರಣವಿತ್ತು. ಅಪ್ಪ ತೀರಿಕೊಂಡಾಗ ನಡೆದದ್ದು ನನಗೆ ಗೊತ್ತು. ದೀಪಾವಳಿಗೆಂದು ನಾನು ಅವನಿಗೆ ಒಂದು ಅಂಗಿ ಹೊಲಿದಿದ್ದೆ, ಗುಂಡಿ ಇಡುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಅವನು ಹೋದ. ಅವ್ವ ಅವನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ನಮ್ಮ ಮನೆಯ ಮಡಿವಾಳರಿಗೆ ಕೊಟ್ಟಳು. ಒಂದು ಸಲವೂ ಮೈಗೆ ಹಾಕದ ಆ ಅಂಗಿಯನ್ನೂ ಗಂಟಿಗೆ ಸೇರಿಸಿದಳು. "ಅವರ ಎಸ್ರಿಗೆ ಒಲ್ದಿದ್ದು, ಅವರದೇಯ. ಸತ್ತೋರದ್ನ ಮನೇಲಿ ಮಡೀಕಬಾರ್ದು" ಎಂದಳು. ಇಷ್ಟು ಗೊತ್ತಿದ್ದೂ ಕಳಿಸಿದೆ. ಚಳಿ ಕಾಯುವ ಬಟ್ಟೆಗೆ ಸತ್ತವರೇನು ಬದುಕಿದವರೇನು ಎಂದು ಎರಡು ವರ್ಷದಲ್ಲಿ ನನಗೆ ಅನ್ನಿಸತೊಡಗಿತ್ತು. ನನಗೆ ಅನ್ನಿಸಿದ್ದನ್ನು ಅವಳ ಮೈಮೇಲೆ ಹೇರಿದೆ.

ತಿಂಗಳೊಪ್ಪತ್ತು ಅವ್ವ ಅದನ್ನು ತೊಟ್ಟಳು. ಸೀರೆಯ ಮೇಲೆ ಕೋಟು, ತಲೆಗೆ ಸೆರಗು, ಹಣೆಯಲ್ಲಿ ವಿಭೂತಿ, ಮುಂದೆ ಹೊಗೆಸೊಪ್ಪಿನ ರಾಶಿ. ಚೈತ್ರ ಕಳಿಸಿದ ಆ ಫೋಟೋವನ್ನು ನಾನು ಎಷ್ಟು ಸಲ ನೋಡಿದೆನೋ. ಅದು ನನ್ನ ಗೆಲುವು ಎಂದುಕೊಂಡಿದ್ದೆ.

ಒಂದು ಭಾನುವಾರ ಅವ್ವನೇ ಫೋನು ಮಾಡಿಸಿದಳು.

"ಆಯಮ್ಮ ಯಾರಪ್ಪ?"

"ಯಾವ ಆಯಮ್ಮ?"

"ಕೋಟ್ನೊಳಗೆ ಎಸ್ರು ಐತಲ್ಲ, ಡೊರೊತಿ ಅಂತ. ಚೈತ್ರ ಓದುದ್ಲು."

ಇಲ್ಲಿನ ವೃದ್ಧಾಶ್ರಮಗಳಲ್ಲಿ ಎಲ್ಲರ ಬಟ್ಟೆ ಒಟ್ಟಿಗೆ ಒಗೆಯುವುದರಿಂದ, ಅದಲುಬದಲಾಗದಿರಲೆಂದು ಒಳಗಡೆ ಹೆಸರಿನ ಪಟ್ಟಿ ಹೊಲಿದಿರುತ್ತಾರೆ. ಹೆಲೆನ್ ಅಂಗಡಿಯಲ್ಲಿ ಆ ಪಟ್ಟಿಯನ್ನು ಕೀಳುವಂತಿಲ್ಲ. ಗಿರಾಕಿಗಳಿಗೆ ಅದರ ಮೇಲೆ ಪ್ರೀತಿ, ಇದೊಂದು ಕಥೆ ಇರುವ ಬಟ್ಟೆ ಎಂದು ಹಿಗ್ಗುತ್ತಾರೆ. ಅಸ್ತರು ಬದಲಿಸಿದರೂ ಪಟ್ಟಿಯನ್ನು ಜೋಪಾನವಾಗಿ ಬಿಚ್ಚಿ, ಹೊಸ ಅಸ್ತರಿನ ಮೇಲೆ ಮೊದಲಿದ್ದ ಜಾಗದಲ್ಲೇ ಹೊಲಿಯಬೇಕು. ಎರಡು ವರ್ಷ ಮಾಡಿದ ಕೆಲಸ, ಕೈಗೆ ಹತ್ತಿಬಿಟ್ಟಿತ್ತು. ಅವ್ವನ ಕೋಟಿಗೂ ಹಾಗೇ ಹೊಲಿದಿದ್ದೆ, ನಾನೇ, ಸಣ್ಣ ಸಣ್ಣ ಹೊಲಿಗೆಯಲ್ಲಿ.

"ಅದು ಕಂಪ್ನಿ ಹೆಸ್ರು ಕಣವ್ವ" ಎಂದೆ.

"ಕಂಪ್ನಿ ಎಸ್ರಿಗೆ ರೂಮ್ ನಂಬ್ರ ಇರ್ತದಾ? ರೂಮ್ ಹದಿನಾಕು ಅಂತ ಐತಂತೆ." ಆಮೇಲೆ ಕೇಳಿದಳು: "ಬದುಕವ್ಳಾ?"

"ಇಲ್ಲ ಕಣವ್ವ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಲಿಂಗ ಕಟ್ಕಂಡ ನಮ್ಮೋರ್ಗೆ ಸಾವಿನ ಸೂತ್ಕ ಇಲ್ಲ ಅಂತ ಅಯ್ನೋರು ಏಳ್ತಾರೆ. ನಂಗೂ ಗೊತ್ತು. ಆದ್ರೂ ಮೈ ಒಪ್ಬೇಕಲ್ಲಪ್ಪ. ಅದಾದ್ರೂ ಓಗ್ಲಿ ಬುಡು. ಸತ್ತೋರದು ಅಂದಿದ್ರೆ ಬ್ಯಾಡ ಅಂತಿದ್ದೆ, ಅಷ್ಟೇಯ. ನೀನು ಒಸ್ದು ಅಂದೆ. ನಾನೇ ಒಲ್ದಿದ್ದು ಅಂದೆ. ನಾನು ಬೀದೀಲಿ ಓಗೋರ್ಗೆಲ್ಲ ನಿಲ್ಸಿ ತೋರುಸ್ದೆ, ನನ್ ಮಗ ಒಲ್ದವ್ನೆ ಅಂತ. ಈಗ ಅವ್ರಿಗೆ ಏನೇಳ್ಲಿ?"

ಹೊಲಿದದ್ದು ನಾನೇ ಎನ್ನುವುದರಲ್ಲಿ ಅರ್ಧ ನಿಜವಿತ್ತು, ಆದರೆ ಅರ್ಧ ನಿಜವನ್ನು ಹಿಡಿದುಕೊಂಡು ಅವ್ವನ ಮುಂದೆ ವಾದ ಮಾಡುವುದು ಹೇಗೆ?

ಎರಡು ವಾರದ ಮೇಲೆ ಚೈತ್ರ ಇನ್ನೊಂದು ಫೋಟೋ ಕಳಿಸಿದಳು. ನಮ್ಮ ರಾಗಿ ಹೊಲದ ನಡುವೆ ಬೆರ್ಚಪ್ಪ, ಹಕ್ಕಿ ಹೆದರಿಸಲು ನಿಲ್ಲಿಸುವ ಬೊಂಬೆ. ಸುಣ್ಣದ ಕಣ್ಣು ಬರೆದ ಮಡಕೆಯ ತಲೆ, ಹುಲ್ಲಿನ ಕೈ. ಮೈಮೇಲೆ ಡೊರೊಥಿಯ ಕೋಟು, ಗುಂಡಿಗಳೆಲ್ಲ ಹಾಕಿದ್ದವು. ತಮಾಷೆಗೆಂದು ಚೈತ್ರ ಕೆಳಗೆ ತನ್ನ ಜೀನ್ಸು ತೊಡಿಸಿ, ಕುತ್ತಿಗೆಗೆ ಕಾಲೇಜಿನ ಕೆಂಪು ವೇಲು ಸುತ್ತಿದ್ದಳು. ನಾನು ಫೋನು ಮಾಡಿದಾಗ ಅವ್ವ ಸುತ್ತಿಬಳಸದೆ ಹೇಳಿದಳು: "ನಮ್ ಮನೇಲಿ ಸತ್ತೋರದಾದ್ರೆ ಮಡಿವಾಳರಿಗೆ ಕೊಡ್ತಿದ್ದೊ. ಗುರ್ತಿಲ್ದ ಆಯಮ್ಮಂದ ಯಾರಿಗ್ ಕೊಡದು? ಸುಟ್ಬುಡಮ ಅಂದ ನಿಮ್ಮಣ್ಣ. ನಂಗೆ ಮನ್ಸು ಬರ್ಲಿಲ್ಲ. ನಿನ್ನ ಕೈಕೆಲ್ಸ ಅದ್ರಲ್ಲೈತಲ್ಲ."

ಮಾರನೆಯ ದಿನ ಅಂಗಡಿಯಲ್ಲಿ ಆ ಫೋಟೋವನ್ನು ನೋಡುತ್ತಾ ಕೂತಿದ್ದೆ. ಹೆಲೆನ್ ಹಿಂದಿನಿಂದ ಬಂದು ನೋಡಿದಳು, ಫೋನು ಕೈಯಿಂದ ಕಿತ್ತುಕೊಂಡಳು. ಹಳೆಯ ಕೋಟು, ಹೊಸ ಜೀನ್ಸು, ಗಾಢ ಬಣ್ಣದ ಸ್ಕಾರ್ಫು, ಹಿಂದೆ ಮಾಗಿದ ರಾಗಿಯ ಕಂದು. ಇಷ್ಟು ಚೆಂದ ಉಡಿಸಿದವರು ಯಾರು ಎಂದು ಕೇಳಿದಳು. ನನ್ನ ಅಣ್ಣನ ಮಗಳು ಎಂದೆ. ಅಂಗಡಿಯ ಇಂಟರ್‌ನೆಟ್ ಪುಟಕ್ಕೆ ಹಾಕಲೇ ಎಂದಳು. ನಾನು ಬೇಡ ಎನ್ನಬೇಕಿತ್ತು. ಅದರ ಹಿಂದಿನದನ್ನೆಲ್ಲ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟು ತಾಳ್ಮೆ ಇರಲಿಲ್ಲ, ಧೈರ್ಯವೂ ಇರಲಿಲ್ಲ. ತಲೆಯಾಡಿಸಿದೆ. ಈಗ ಪ್ರತಿ ಆಟಮ್‌ನಲ್ಲೂ ಅಂಗಡಿಯ ಗಾಜಿಗೆ ನಮ್ಮ ಹೊಲದ ಬೆರ್ಚಪ್ಪನ ದೊಡ್ಡ ಚಿತ್ರ ಅಂಟಿಸುತ್ತಾರೆ. ಹುಡುಗಿಯರು ಫೋನು ಹಿಡಿದುಕೊಂಡು ಬಂದು, ನನಗೂ ಹೀಗೇ ಕಾಣಬೇಕು ಎನ್ನುತ್ತಾರೆ. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಳತೆ ತೆಗೆಯುತ್ತೇನೆ.

ಅವ್ವನಿಗೆ ಹೊಸ ಬಟ್ಟೆ ಕೊಂಡು, ಮೊದಲಿಂದ ಕೊನೆವರೆಗೆ ನಾನೇ ಹೊಲಿದು ಕಳಿಸುತ್ತೇನೆಂದೆ. "ಅಲ್ಲಿಂದ ಏನೂ ಬ್ಯಾಡ ಕಣಪ್ಪ, ಶಾಲೈತೆ" ಎಂದಳು. ಕೋಪವಿಲ್ಲ, ನಂಬಿಕೆಯೂ ಇಲ್ಲ. ಇನ್ನು ನಾನು ರೇಷ್ಮೆಯಲ್ಲಿ ಸುತ್ತಿ ಕಳಿಸಿದರೂ ಅವಳು ಮೊದಲು ಒಳಗಡೆ ತಿರುಗಿಸಿ ಹೆಸರು ಹುಡುಕುತ್ತಾಳೆ.

ಊರಿಗೆ ಹೋದರೆ ನಾನು ಲೀಡ್ಸಿನವನು, ಏನು ತಂದರೂ ಜನ ಮೂಸಿ ನೋಡುತ್ತಾರೆ. ಇಲ್ಲಿದ್ದರೆ ಹೊಗೆಸೊಪ್ಪಿನ ನಾಡಿನವನು, ಸತ್ತವರ ಕೋಟಿನಲ್ಲಿ ಬದುಕಿರುವವನು. ಆ ಮೊದಲ ಕೋಟನ್ನು ನಾನು ಇನ್ನೂ ಬಿಟ್ಟಿಲ್ಲ. ಅದರ ಕರವಸ್ತ್ರವನ್ನು ಒಗೆದು ಮತ್ತೆ ಅದೇ ಜೇಬಿನಲ್ಲಿಟ್ಟಿದ್ದೇನೆ, ಯಾಕೆಂದು ನನಗೇ ಗೊತ್ತಿಲ್ಲ.

ಭಾನುವಾರ ಅವ್ವನಿಗೆ ವಿಡಿಯೋ ಕಾಲ್ ಮಾಡುವ ಮೊದಲು ಆ ಕೋಟನ್ನು ಬಿಚ್ಚಿ ಬಾಗಿಲ ಹಿಂದೆ ತೂಗುಹಾಕುತ್ತೇನೆ. ಹ್ಯಾಂಡ್‌ಪೋಸ್ಟಿನಲ್ಲಿ ನಾನೇ ಹೊಲಿದುಕೊಂಡ ತೆಳ್ಳನೆಯ ಅಂಗಿಯಲ್ಲಿ, ತೇವದ ಗೋಡೆಗೆ ಬೆನ್ನು ತಾಗದಂತೆ ಕೂರುತ್ತೇನೆ. ಆ ಕಡೆ ಅವ್ವ ಸವೆದ ಶಾಲನ್ನು ಕತ್ತಿನವರೆಗೆ ಎಳೆದುಕೊಂಡು ಕೂತಿರುತ್ತಾಳೆ.

"ಅಲ್ಲಿ ಚಳಿ ಅಂತಾರಲ್ಲ, ಬರೀ ಅಂಗೀಲಿ ಕುಂತಿದ್ದೀಯಲ್ಲ. ಒದ್ಕಳಕೆ ಏನೂ ಇಲ್ವಾ?"

"ಚಳಿ ಇಲ್ಲ ಕಣವ್ವ" ಎನ್ನುತ್ತೇನೆ. "ನಿಂಗೆ?"

"ನಂಗೂ ಇಲ್ಲ ಬುಡು" ಎನ್ನುತ್ತಾಳೆ ಅವ್ವ.