ಮಿಂಚದ ಫೋಟೋ

ಹೊಸಪೇಟೆಯ ಪಾಲಪ್ಪನಿಗೆ ಮದುವೆ ಫೋಟೋ ತೆಗೆಯುವುದು ಕಸುಬು, ಕ್ಯಾಮೆರಾ ಬಗ್ಗೆ ಕೊರೆಯುವುದು ಚಟ. ೨೦೦೯ರಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ತಂದ ಮೇಲಂತೂ ಅವನ ಸ್ಟುಡಿಯೋ ಮುಂದೆ ಹಾಯುವುದೇ ಕಷ್ಟವಾಯಿತು.

"ಇದರಾಗಿನ ಸೆನ್ಸರ್ ದೊಡ್ಡದೈತ್ರಿ. ಚೂರು ಬೆಳಕಿದ್ರೂ ಹಿಡ್ಕೊಂತೈತಿ. ಹಳೇ ಕ್ಯಾಮೆರಾದಂಗ ಕತ್ತಲಾಗ ರವೆ ರವೆ ಕಾಣಂಗಿಲ್ಲ. ಇನ್ನ ಫ್ಲ್ಯಾಷ್ ಬ್ಯಾಡೇ ಬ್ಯಾಡ" ಎಂದು ಸಿಕ್ಕವರನ್ನೆಲ್ಲ ಹಿಡಿದು ಕೂರಿಸುತ್ತಿದ್ದ. ನಾನಂತೂ ಆ ಬೀದಿಯನ್ನೇ ಬಿಟ್ಟಿದ್ದೆ.

ಅದು ಮಣ್ಣೇ ಚಿನ್ನವಾದ ಕಾಲ. ಸಂಡೂರಿನಲ್ಲಿ ಸೈಕಲ್ ಪಂಕ್ಚರ್ ಹಾಕುತ್ತಿದ್ದ ರೇವಣಸಿದ್ದ ಅದಿರಿನ ಲಾರಿಗಳಿಂದ ಸಾವ್ಕಾರನಾಗಿದ್ದ. ಅವನ ಮಗಳು ಕಾವ್ಯಳ ಮದುವೆ ಪಾಲಪ್ಪನಿಗೆ ಸಿಕ್ಕಿತು. ಇದೊಂದು ಗೆದ್ದರೆ ಗಣಿ ಸಾವ್ಕಾರರ ಮದುವೆಗಳೆಲ್ಲ ಅವನವೇ. ಕೆಟ್ಟರೆ ಮತ್ತೆ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಕೂರಬೇಕು.

ಕಲ್ಯಾಣಮಂಟಪದೊಳಗೆ ಅದಿರಿನ ಧೂಳು ನುಗ್ಗದಿರಲೆಂದು ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆಸಿದ್ದರು. ಸರಿಯಾಗಿ ಮುಹೂರ್ತಕ್ಕೆ ಕರೆಂಟ್ ಹೋಯಿತು. ಜನರೇಟರ್ ಕೆಮ್ಮಿ ಸುಮ್ಮನಾಯಿತು. ಮುಹೂರ್ತ ಕಾಯುತ್ತದೆಯೇ? ದೀಪದ ಬೆಳಕಿನಲ್ಲೇ ಹುಡುಗ ತಾಳಿ ಕಟ್ಟಿದ. ಪಾಲಪ್ಪ ಖುಷಿಯಿಂದ ಕ್ಲಿಕ್ಕಿಸಿದ; ಇಂಥ ಕತ್ತಲಿಗಾಗಿಯೇ ಅವನು ಕಾದಿದ್ದ.

ಕರೆಂಟ್ ಬಂತು, ಜೊತೆಗೆ ಮದುಮಗಳ ಅಜ್ಜಿ ಎರ್ರಮ್ಮನ ದನಿಯೂ ಬಂತು. "ಮಿಂಚ್ಲೇ ಇಲ್ಲ! ಫೋಟೋ ಎಲ್ಲಿ ಬಿತ್ತು?"

"ಬಿದ್ದೈತ್ರಿ ಅಮ್ಮಾ. ಇದಕ್ಕ ಮಿಂಚೋದು ಬೇಕಿಲ್ಲ" ಎಂದ ಪಾಲಪ್ಪ.

"ಮಿಂಚಲಾರದ ಫೋಟೋ ಯಾವೂರಾಗೈತೋ? ತಾಳಿ ಬಿಚ್ಚಿ ಇನ್ನೊಮ್ಮೆ ಕಟ್ಟಸ್ರಿ!"

ಮಂಟಪವೇ ಹೌಹಾರಿತು. ಕಟ್ಟಿದ ತಾಳಿ ಬಿಚ್ಚುವುದೆಂದರೆ! ಕೊನೆಗೆ ಮದುವೆ ಮಾಡಿಸುತ್ತಿದ್ದ ಸ್ವಾಮಿಗಳು ರಾಜಿ ಮಾಡಿಸಿದರು: ಹುಡುಗ ಕಟ್ಟಿದಂತೆ ನಟಿಸಲಿ. ಕಾವ್ಯ ಪೌಡರ್ ಹಚ್ಚಿಕೊಂಡು ಕೂತಳು. ಪಾಲಪ್ಪ ಚೀಲದ ತಳದಿಂದ ಹಳೇ ಫ್ಲ್ಯಾಷ್ ತೆಗೆದು ಫಳ್ ಎನಿಸಿದ. ಜನ ಮತ್ತೆ ಅಕ್ಷತೆ ಎಸೆದರು.

ಆಲ್ಬಮ್ಮಿಗೆಂದು ಎರಡು ಫೋಟೋಗಳನ್ನೂ ರೇವಣಸಿದ್ದನಿಗೆ ತೋರಿಸಿದ. ದೀಪದ ಬೆಳಕಿನದರಲ್ಲಿ ಕಾವ್ಯಳ ಎಣ್ಣೆಗೆಂಪು ಬಣ್ಣ, ತುಟಿಯಂಚಿನ ಅಂಜಿಕೆ, ಹುಡುಗನ ತಡಬಡಿಸುವ ಬೆರಳು ಎಲ್ಲ ಇದ್ದವು. ಅಷ್ಟು ಚಂದದ ಫೋಟೋವನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಫ್ಲ್ಯಾಷಿನದರಲ್ಲಿ ಎಲ್ಲರಿಗೂ ಸುಣ್ಣ ಬಳಿದಂತಿತ್ತು.

ರೇವಣಸಿದ್ದ ಸುಣ್ಣದ್ದನ್ನೇ ದೊಡ್ಡದು ಮಾಡಿಸಿ ಪಡಸಾಲೆಯ ಗೋಡೆ ತುಂಬ ಹಾಕಿಸಿದ. "ಇನ್ನೊಂದನ್ನ ಯಾರಿಗೂ ತೋರಿಸಬ್ಯಾಡಲೇ. ನಮಗ ಕರೆಂಟಿಗೂ ಗತಿಯಿಲ್ಲ ಅಂದ್ಕೊಂತಾರ ಮಂದಿ" ಎಂದ.

ಗಣಿ ಮದುವೆಗಳೆಲ್ಲ ಪಾಲಪ್ಪನಿಗೇ ಸಿಕ್ಕವು. ಕತ್ತಲಲ್ಲೂ ಕಾಣುವ ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಷ್ ಕಾಯಂ ಆಯಿತು. ಆದರೆ ಒಬ್ಬರಾದರೂ ಮೆಚ್ಚಲಿ ಎಂದು ಪಾಲಪ್ಪ ಆ ಇನ್ನೊಂದು ಫೋಟೋವನ್ನು ಹಠಕ್ಕೆ ಬಿದ್ದು ಸ್ಟುಡಿಯೋದಲ್ಲಿ ತೂಗುಹಾಕಿದ.

ಒಂದು ದಿನ ಎರ್ರಮ್ಮ ತನ್ನ ಫೋಟೋ ತೆಗೆಸಿಕೊಳ್ಳಲು ಬಂದವಳು ಅದರ ಮುಂದೆ ನಿಂತೇಬಿಟ್ಟಳು.

"ಯಾರ ಮಗಳಪ್ಪ ಇದು? ಕಣ್ಣು ತುಂಬೋವಂಗ ಅದಾಳ."

ಪಾಲಪ್ಪನ ಮುಖ ಅರಳಿತು. "ನಿಮ್ಮ ಕಾವ್ಯನೇ ಅಲ್ರಿ ಅಮ್ಮಾ!"

ಎರ್ರಮ್ಮ ಮತ್ತೊಮ್ಮೆ ನೋಡಿದಳು.

"ಹುಚ್ಚ ಅದೀ ನೀನು. ನಮ್ಮ ಕಾವ್ಯ ಇಷ್ಟ್ ಕಪ್ಪಿಲ್ಲ. ನಮ್ಮ ಮನಿಗೆ ಬಂದು ಗ್ವಾಡಿ ಮ್ಯಾಲಿನ ಫೋಟೋ ನೋಡು, ಹೆಂಗ ಬೆಳ್ಳಗದಾಳ!"